ಬಾಗಿಲು ಬಿಗಿಹಿಡಿದ ಪ್ಲೇಯರ್

ಅಂಧ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಪಾಠ ಕೇಳಿಸುವ ಒಂದು ಪ್ಲೇಯರ್ ಇತ್ತು. ಊರಿಗೆ ಹೊರಟಿದ್ದ ರಮೀಜಾ ಪರೀಕ್ಷೆಗೆ ಓದಿಕೊಳ್ಳಲು ಅದರಲ್ಲಿ ಪಾಠ ತುಂಬಿಸುತ್ತಿದ್ದಳು. ಬಸ್ಸು ಗೇಟಿನ ಮುಂದೆ ನಿಂತಿತ್ತು. ಕಂಪ್ಯೂಟರಿನಿಂದ ಕೇಬಲ್ಲಿನಲ್ಲಿ ಪಾಠ ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು.

ಪಕ್ಕದಲ್ಲಿದ್ದ ಕಾರ್ಡ್ ರೀಡರ್ ಹೇಳಿತು: "ಅಣ್ಣಾ, ನಿನ್ನ ಹೊಟ್ಟೆಯಲ್ಲಿರುವ ಮೆಮೊರಿ ಕಾರ್ಡ್ ಕೊಡು. ಬೇಗ ತುಂಬಿ ವಾಪಸು ಕೊಡುತ್ತೇನೆ."

"ನಾಲಿಗೆ ಬಿಗಿಹಿಡಿದು ಮಾತಾಡು! ಪಾಠ ಹೇಳುವವನು ನಾನು. ದನಿಯೇ ಇಲ್ಲದ ನಿನ್ನ ಮುಂದೆ ಹೊಟ್ಟೆ ಬಿಚ್ಚಬೇಕೇ?"

"ದನಿ ನಿನ್ನದೇ ಇರಲಿ. ಹುಡುಗಿ ಕಾಯುತ್ತಿದ್ದಾಳೆ."

"ಕಾಯಲಿ. ಕಲಿಯುವವರಿಗೆ ತಾಳ್ಮೆ ಬೇಕು."

"ಥೂ! ಹಸಿದ ಮಗುವಿನ ಮುಂದೆ ತಟ್ಟೆ ಹಿಡಿದು ನಿಂತು ಮರ್ಯಾದೆ ಕೇಳುತ್ತೀಯಲ್ಲ, ನಿನಗೆ ನಾಚಿಕೆಯಾಗಬೇಕು!"

ಪ್ಲೇಯರ್ ತನ್ನ ಕಾರ್ಡಿನ ಬಾಗಿಲನ್ನು ಇನ್ನೂ ಬಿಗಿಹಿಡಿಯಿತು. ಕಾರ್ಡ್ ತೆಗೆಯಲೆಂದು ವಾರ್ಡನ್ ಕುಸುಮಕ್ಕ ಉಗುರು ಮುರಿಯುವಷ್ಟು ಎಳೆದರೂ ಅದು ಬಿಡಲಿಲ್ಲ. ಹೊರಗೆ ಬಸ್ಸು ಹಾರ್ನ್ ಹೊಡೆಯಿತು.

ರಮೀಜಾ ಮೇಜು ತಡವಿ ಕೇಬಲ್ ಕಿತ್ತೆಸೆದಳು.

"ಅಕ್ಕಾ, ಬೇರೆ ಒಂದು ಕಾರ್ಡನ್ನು ಈ ರೀಡರಿಗೆ ಹಾಕಿ. ಊರಲ್ಲಿ ಅಮ್ಮನ ಫೋನಿಗೆ ಹಾಕಿಕೊಂಡು ಕೇಳ್ತೀನಿ."

"ಈ ಪ್ಲೇಯರ್ ಬೇಡವೇನೇ?"

"ಪರೀಕ್ಷೆ ಬರೆಯೋಳು ನಾನು. ಇವನ ದೊಡ್ಡಸ್ತಿಕೆ ಹೊತ್ತುಕೊಂಡು ಹೋಗಿ ಏನು ಮಾಡಲಿ?"

ಹುಡುಗಿಯರ ಚೀಲಗಳು ಬಸ್ಸಿಗೆ ಏರುವಷ್ಟರಲ್ಲಿ ರೀಡರ್ ಎಲ್ಲ ಪಾಠಗಳನ್ನೂ ತುಂಬಿತು. ರಮೀಜಾ ಕಾರ್ಡನ್ನು ಕರವಸ್ತ್ರದ ತುದಿಗೆ ಗಂಟು ಹಾಕಿಕೊಂಡು ಹೊರಟಳು.

ಪ್ಲೇಯರಿಗೆ ರೋಷ ಉಕ್ಕಿತು. ತನ್ನಲ್ಲಿದ್ದ ಅರ್ಧ ಪಾಠವನ್ನೇ ಗಟ್ಟಿಯಾಗಿ ಹೇಳತೊಡಗಿತು. ಹಾಸ್ಟೆಲ್ ಖಾಲಿಯಾಗಿತ್ತು.