ಫಲ ಕೊಡದ ತಾಯಿ

ಮಲಪ್ರಭೆಯ ದಂಡೆಯ ಮೇಲೆ, ಹತ್ತಿ ಹೊಲಗಳ ನಡುವಿನ ಒಂದು ಚಿಕ್ಕ ಮಠದಲ್ಲಿ ಪೂಜ್ಯ ಗುರುಲಿಂಗಮ್ಮ ತಾಯಿಯವರು ಬಾಳಿದರು. ದರ್ಶನಕ್ಕೆಂದು ಬಂದವರು ಮೊದಲು ಗದ್ದುಗೆಯ ಕಡೆ ಹೋಗಿ, ಅಲ್ಲಿ ಯಾರೂ ಇಲ್ಲದ್ದನ್ನು ಕಂಡು, ಕೇಳುತ್ತ ಕೇಳುತ್ತ ದಾಸೋಹದ ಅಡುಗೆಮನೆಗೆ ಬರಬೇಕಾಗುತ್ತಿತ್ತು. ಅಲ್ಲಿ ನಾಲ್ಕು ಮಂದಿ ಹೆಂಗಸರ ನಡುವೆ ಪುಂಡಿಪಲ್ಯದ ಸೊಪ್ಪು ಬಿಡಿಸಿ ಸೋಸುತ್ತ ಕುಳಿತವರೇ ತಾಯಿಯವರು. ಗೊತ್ತಿಲ್ಲದವರು ಅವರನ್ನೇ "ಅಜ್ಜೀ, ಅವ್ವಾರು ಎಲ್ಲದಾರ?" ಎಂದು ಕೇಳಿದ್ದುಂಟು. "ಬರ್ತಾರ, ಮೊದಲ ಉಣ್ಣು" ಎಂದು ನಗುತ್ತಿದ್ದರಂತೆ ಮಹಾತಾಯಿ.

ಒಂದು ಸೋಮವಾರ ಅಲ್ಲಿಗೆ ಅತ್ತೆ ಸೊಸೆಯರಿಬ್ಬರು ಬಂದರು. ಅತ್ತೆ ಚನ್ನಬಸವ್ವ, ಸೊಸೆ ಸುವರ್ಣಾ. ಸುವರ್ಣಾ ಕನ್ನಡ ಶಾಲೆಯ ಶಿಕ್ಷಕಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಉಪವಾಸ, ತಾಯತ, ಹುಬ್ಬಳ್ಳಿಯ ದವಾಖಾನೆ, ಯಾವುದನ್ನೂ ಬಿಟ್ಟಿರಲಿಲ್ಲ. ಆಕೆಗೆ ಸಾಕುಸಾಕಾಗಿ ಹೋಗಿತ್ತು. 'ಇವರೂ ಒಂದು ಬಾಳೆಹಣ್ಣು ಕೊಡ್ತಾರೆ, ಸಿಪ್ಪೆ ಸಮೇತ ತಿನ್ನು ಅಂತಾರೆ, ಅಷ್ಟೇ' ಎಂದುಕೊಂಡೇ ಬಸ್ಸು ಹತ್ತಿದ್ದಳು. ಆದರೆ ಆಕೆಯ ಎದೆಯಲ್ಲಿ ಸಿಟ್ಟಿಗಿಂತ ಭಾರವಾದದ್ದು ಇನ್ನೊಂದಿತ್ತು. ನಾಲ್ಕು ವರ್ಷದ ಹಿಂದೆ ಗರ್ಭ ನಿಂತು, ಐದು ತಿಂಗಳು ತುಂಬುವಷ್ಟರಲ್ಲಿ ಹೋಗಿಬಿಟ್ಟಿತ್ತು. ಊರಿಗೆಲ್ಲ ಚನ್ನಬಸವ್ವ ಹೇಳಿದ್ದು ಸೊಸೆಗೆ ಕಾಮಾಲೆಯಾಗಿತ್ತು ಎಂದು. ಹೊಟ್ಟೆಯಲ್ಲಿ ಕೂಸು ನಿಲ್ಲದ ಹೆಣ್ಣು ಎಂಬ ಹೆಸರು ಬಂದರೆ ಮಗನಿಗೆ ಎರಡನೆಯ ಮದುವೆಯ ಮಾತು ಏಳುತ್ತದೆಂಬ ಅಂಜಿಕೆ ಮುದುಕಿಗೆ. ಅಂದಿನಿಂದ ಸುವರ್ಣಾಳ ಬಾಯಿಗೆ ಬೀಗ. ಗಂಡನ ಮುಂದೆಯೂ ಆ ಮಾತು ಎತ್ತುವಂತಿರಲಿಲ್ಲ.

ಚನ್ನಬಸವ್ವ ತಾಯಿಯವರ ಪಾದಕ್ಕೆ ಹಣೆ ಹಚ್ಚಿ, "ಇವಳ ಉಡಿಯಾಗ ಒಂದು ಫಲ ಹಾಕ್ರಿ ಅವ್ವಾರ" ಎಂದು ಬೇಡಿಕೊಂಡಳು. ಸುವರ್ಣಾ ನಿಂತಲ್ಲೇ ಕೈ ಮುಗಿದಳು, ಬಾಗಲಿಲ್ಲ.

ತಾಯಿಯವರು ಸೋಸುವುದನ್ನು ನಿಲ್ಲಿಸಿ ಕೇಳಿದರು, "ಎಂದಾರ ಬಸಿರು ನಿಂತಿತ್ತೇನ ತಂಗಿ?"

"ಇಲ್ರಿ ಅವ್ವಾರ, ಒಮ್ಮೆನೂ ನಿಂತಿಲ್ಲ" ಎಂದು ಅತ್ತೆಯೇ ಉತ್ತರ ಕೊಟ್ಟಳು. ಸುವರ್ಣಾ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ತಾಯಿಯವರ ದೃಷ್ಟಿ ಆ ಕೈಯ ಮೇಲೆ ಒಂದು ಕ್ಷಣ ನಿಂತಿತು.

"ಫಲ ಕೊಡೂ ಶಕ್ತಿ ಇದ್ದಿದ್ರ ನಾ ಮೊದಲ ನನಗ ಕೊಟ್ಕೊಂತಿದ್ದೆ" ಎಂದರು ಅವರು. "ನಂದೂ ಮೂರು ಹೋದುವು ತಂಗಿ. ಮೂರನೇದು ಹೋದ ಮ್ಯಾಲ ತವರಿಗೆ ಕಳಿಸಿದ್ರು, ತಿರುಗಿ ಕರಿಯಾಕ ಯಾರೂ ಬರಲಿಲ್ಲ. ದವಾಖಾನಿ ಔಷಧ ತಗೊ, ಬ್ಯಾಡ ಅನ್ನಂಗಿಲ್ಲ. ನನ್ನ ಕಡೆ ಔಷಧ ಇಲ್ಲ."

ಚನ್ನಬಸವ್ವನ ಮುಖ ಇಳಿದುಹೋಯಿತು. ಇಷ್ಟು ದೂರ ಬಂದು ಇದನ್ನು ಕೇಳಬೇಕಾಯಿತಲ್ಲ ಎಂದು ಆಕೆಗೆ ಅನ್ನಿಸಿದ್ದರೆ ತಪ್ಪೇನಿಲ್ಲ. ನಮ್ಮ ಜನ ಮಠಕ್ಕೆ ಹೋಗುವುದೇ ಏನಾದರೂ ಕೈಯಲ್ಲಿ ಹಿಡಿದುಕೊಂಡು ಬರುವುದಕ್ಕೆ.

ತಾಯಿಯವರು ಹಿತ್ತಲ ಬಾಗಿಲ ಕಡೆ ಕೈ ತೋರಿದರು. ಅಲ್ಲಿ ದನದ ಕೊಟ್ಟಿಗೆಯ ಗೋಡೆಗೆ ಒರಗಿ ಒಬ್ಬ ಹುಡುಗಿ ಕುಳಿತಿದ್ದಳು. ಮುಂದೆ ಇಟ್ಟಿದ್ದ ಗಂಗಾಳದಲ್ಲಿ ರೊಟ್ಟಿ ಹಾಗೇ ಇತ್ತು.

"ಕಸ್ತೂರಿ ಅಂತ. ಹೋದ ವಾರ ಐದು ತಿಂಗಳದ್ದು ಹೋತು. ತಾಯಿ ತಂದು ಬಿಟ್ಟು ಹೋಗ್ಯಾಳ. ಅನ್ನ ಮುಟ್ಟವೊಲ್ಲಳು. ನಾ ಹೋದ್ರ ಕಾಲು ಬೀಳ್ತಾಳ, ಮಾತಾಡಂಗಿಲ್ಲ. ಹಿಂಗಾದ್ರ ಆ ಹುಡುಗಿ ಉಳಿಯಂಗಿಲ್ಲ. ನೀ ಹೋಗು."

"ನಾ ಏನಂತ ಹೇಳಲ್ರಿ?" ಎಂದಳು ಸುವರ್ಣಾ.

"ಇದ್ದದ್ದು ಹೇಳು."

ಆ ಎರಡು ಮಾತು ಕೇಳಿ ಸುವರ್ಣಾ ಅತ್ತೆಯ ಕಡೆ ತಿರುಗಿ ನೋಡಿದಳು. ಇದ್ದದ್ದು ಹೇಳಿದರೆ ಮನೆಗೆ ಹೋಗಿ ಅತ್ತೆಯ ಮುಖ ನೋಡುವುದು ಹೇಗೆ? ಹೇಳದಿದ್ದರೆ ಈ ಹುಡುಗಿ? ಆಕೆ ಹೋಗಿ ಕಸ್ತೂರಿಯ ಪಕ್ಕದಲ್ಲಿ ಕುಳಿತಳು. "ಒಂದು ತುತ್ತು ಉಣ್ಣವ್ವಾ" ಎಂದಳು. ಹುಡುಗಿ ತಲೆ ಎತ್ತಲಿಲ್ಲ. ಕಡೆಗೆ ನೆಲ ನೋಡುತ್ತಲೇ ಹೇಳಿಬಿಟ್ಟಳು, "ನಂದೂ ಹೋತು. ಐದು ತಿಂಗಳದ್ದು."

ಕಸ್ತೂರಿ ತಿರುಗಿ ನೋಡಿದಳು. ಕೇಳಿಸಿಯೂ ಕೇಳಿಸದಂಥ ದನಿಯಲ್ಲಿ ಕೇಳಿದಳು, "ಅಕ್ಕಾರ, ನಿಮಗ ಹಾಲು ಬಂದಿತ್ತೇನ್ರಿ?"

ಈ ಪ್ರಶ್ನೆಯನ್ನು ನಾಲ್ಕು ವರ್ಷದಿಂದ ಸುವರ್ಣಾ ಕೂಡ ಯಾರನ್ನಾದರೂ ಕೇಳಬೇಕೆಂದಿದ್ದಳು.

"ಬಂದಿತ್ತು. ಎದಿಗೆ ಬಟ್ಟಿ ಬಿಗಿದು ಕಟ್ಕೊಂಡು ಸಾಲಿಗೆ ಹೋಗತಿದ್ದೆ. ಹಲಗಿ ಮ್ಯಾಲ ಬರಿಯೂಮುಂದ ರವಿಕಿ ತೊಯ್ದು ಬಿಡತಿತ್ತು."

"ನನ್ನ ಮೈಗೆ ಏನೋ ಸೇರ್ಕೊಂಡೈತಿ ಅನ್ಕೊಂಡಿದ್ನಿರಿ. ಕೂಸಿಲ್ಲ, ಹಾಲು ಯಾಕ ಬರ್ತೈತಿ?"

"ಏನೂ ಸೇರ್ಕೊಂಡಿಲ್ಲವ್ವಾ. ಹಿಂಗಾದವ್ರಿಗೆ ಬರ್ತೈತಿ. ಮೈಗೆ ಇನ್ನೂ ಗೊತ್ತಾಗಿಲ್ಲ, ಅಷ್ಟ. ತಾನ ನಿಲ್ತೈತಿ."

ಕಸ್ತೂರಿ ಆಕೆಯ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ಸುವರ್ಣಾ ಕೂಡ ಅತ್ತಳು, ಆ ದವಾಖಾನೆಯ ದಿನದ ಮೇಲೆ ಅದೇ ಮೊದಲು. ಕಣ್ಣೊರೆಸಿಕೊಂಡು ತಿರುಗಿದರೆ ಹಿತ್ತಲ ಬಾಗಿಲಲ್ಲಿ ಚನ್ನಬಸವ್ವ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಸುವರ್ಣಾ ಬಯ್ಗುಳಕ್ಕೆ ಮನಸ್ಸು ಗಟ್ಟಿಮಾಡಿಕೊಂಡಳು.

ಮುದುಕಿ ಬಂದು ಸೊಸೆಯ ಪಕ್ಕದ ಮಣ್ಣಿನಲ್ಲೇ ಕುಳಿತಳು. "ಹೆಣ್ಣುಕೂಸು ಅದು" ಎಂದಳು. "ನಿನಗ ಹೇಳಿರಲಿಲ್ಲ. ನರ್ಸು ನನ್ನ ಕೈಯಾಗ ಕೊಟ್ಟಿದ್ಲು. ಮೂಗು ನಿನ್ನಂಗ ಇತ್ತು. ನೀ ಮರೀಲಿ ಅಂತ ಬಾಯಿ ಮುಚ್ಚಿಸಿದೆ ಸುವರ್ಣಾ. ನನಗ ಮರಿಯಾಕ ಆಗಿಲ್ಲ."

ಆ ಹೊತ್ತು ಮೂವರೂ ಒಂದೇ ಗಂಗಾಳದಲ್ಲಿ ಉಂಡರು. ಕಸ್ತೂರಿ ಅರ್ಧ ರೊಟ್ಟಿ ತಿಂದಳು. ತಾಯಿಯವರು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು.

ಹೊರಡುವಾಗ ಸುವರ್ಣಾ ತಾನಾಗಿ ಬಾಗಿ ಪಾದ ಮುಟ್ಟಿದಳು. "ಕಸ್ತೂರಿಯಂಥವ್ರು ಬರ್ತಾನ ಇರ್ತಾರ. ಹೇಳಿ ಕಳಿಸಿದ್ರ ಬರ್ತೀಯೇನು?" ಎಂದು ಕೇಳಿದರು ತಾಯಿಯವರು.

"ಬರ್ತೀನ್ರಿ ಅವ್ವಾರ" ಎಂದಳು. ಹೇಳಿದಂತೆ ನಡೆದುಕೊಂಡಳು ಕೂಡ. ಶಾಲೆಗೆ ರಜೆ ಇದ್ದ ದಿನ ಆ ಕೊಟ್ಟಿಗೆಯ ಗೋಡೆಗೆ ಒರಗಿ, ಯಾರದೋ ಕೈ ಹಿಡಿದು ಕುಳಿತ ಆಕೆಯನ್ನು ನೋಡಿದವರು ಬಹಳ ಜನ.

ಮುಂದೆ ಆಕೆಗೆ ಮಕ್ಕಳಾದವೇ ಎಂದು ಭಕ್ತರು ಕೇಳುತ್ತಾರೆ. ಆಗಲಿಲ್ಲ. ತಾಯಿಯವರ ಮಹಿಮೆ ತಿಳಿಯಬೇಕೆಂದರೆ ಚನ್ನಬಸವ್ವನ ಮನೆಯ ಕಟ್ಟೆಗೆ ಹೋಗಬೇಕಿತ್ತು. ಒಮ್ಮೆ ಓಣಿಗೆ ಬಾಡಿಗೆಗೆ ಹೊಸದಾಗಿ ಬಂದ ಹೆಣ್ಣುಮಗಳು ಮಾತು ಮಾತಿನಲ್ಲಿ, "ನಿಮ್ಮ ಸೊಸಿಗೆ ಮಕ್ಕಳಿಲ್ಲೇನ್ರಿ?" ಎಂದು ಕೇಳಿದಳು. ಒಳಗಿದ್ದ ಸುವರ್ಣಾ ಏಳುವ ಮೊದಲೇ ಚನ್ನಬಸವ್ವನ ಗಟ್ಟಿ ದನಿ ಓಣಿಗೆಲ್ಲ ಕೇಳಿಸಿತು:

"ಒಂದು ಹೆಣ್ಣು ಇತ್ತವ್ವಾ, ಹೋತು. ನಿನಗೂ ಏನರ ಹಂಗಾಗಿದ್ರ ಒಳಗ ಬಾ. ನನ್ನ ಸೊಸಿ ಅದಾಳ."