ಎರಡನೆಯ ಸಲ ಬಂದವಳು

“ಗುರುಗಳೇ, ದಿನವೂ ಇಷ್ಟು ಜನರ ನಡುವೆ ಇರುತ್ತೇನೆ. ಆದರೂ ನಾನು ಒಬ್ಬಂಟಿ ಏಕೆ?”

ಕೇಳಿದವನು ಶಂಭಯ್ಯ. ಮಠಕ್ಕೆ ಬಂದವರಿಗೆ ಗದ್ದುಗೆ, ದಾಸೋಹದ ಮನೆ, ಹಳೆಯ ಓಲೆಗರಿಗಳ ಕೋಣೆ ಎಲ್ಲವನ್ನೂ ತೋರಿಸಿ ಕಳಿಸುವುದು ಅವನ ಸೇವೆ. ಆರು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಬಂದವರು ಕೈಮುಗಿಯುತ್ತಾರೆ, ಊಟ ಮಾಡುತ್ತಾರೆ, ಹೋಗುತ್ತಾರೆ. ನಾಳೆ ತನ್ನ ಜಾಗದಲ್ಲಿ ಬೇರೊಬ್ಬ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಈ ಸೇವೆ ಸಾಕು, ಬಿಡಿಸಿಬಿಡಿ ಎಂದು ಕೇಳುವುದಕ್ಕೇ ಬಂದಿದ್ದ.

ಗುರುಗಳು ಅವನನ್ನು ಒಮ್ಮೆ ನೋಡಿದರು.

“ಆರು ವರ್ಷಕ್ಕೇ ಸುಸ್ತಾದೆಯಾ? ಇಪ್ಪತ್ತೆಂಟು ವರ್ಷ ಇದೇ ಕೆಲಸ ಮಾಡಿದವನೊಬ್ಬನಿದ್ದ. ಕೂತುಕೋ. ನಡುವೆ ಬಾಯಿ ಹಾಕಬೇಡ,” ಎಂದು ಹೇಳತೊಡಗಿದರು.

ಒಂದು ಹಾಳು ರಾಜಧಾನಿ. ಅದನ್ನು ನೋಡಲು ಬಂದವರನ್ನು ನಡೆಸಿಕೊಂಡು ಹೋಗಿ ತೋರಿಸುವವನು ಒಬ್ಬ. ಜನ ಅವನನ್ನು ಗೈಡು ಎನ್ನುತ್ತಿದ್ದರು. ಅವನಿಗೊಂದು ಹೆಸರೂ ಇತ್ತು. ಕೇಳಿದವರಿಲ್ಲ, ಆದ್ದರಿಂದ ನಾನೂ ಹೇಳುವುದಿಲ್ಲ.

ಬೆಳಿಗ್ಗೆ ಅವನು ಕೋಟೆಯ ಬಾಗಿಲಲ್ಲಿ ನಿಲ್ಲುವನು. ಹತ್ತು ಹನ್ನೆರಡು ಜನ ಸೇರಿದರೆ ಹೊರಡುವನು. ಬಾಗಿಲಿನಿಂದ ಆನೆ ಲಾಯ, ಲಾಯದಿಂದ ರಾಣಿಯರ ಕೊಳ, ಕೊಳದಿಂದ ಅರಸರು ಒಡ್ಡೋಲಗ ನಡೆಸುತ್ತಿದ್ದ ಜಗಲಿ, ಅಲ್ಲಿಂದ ಮುತ್ತು ಹವಳ ಮಾರುತ್ತಿದ್ದ ಪೇಟೆ ಬೀದಿ, ಕೊನೆಗೆ ಹೊಳೆ. ದಾರಿಯೂ ಅದೇ, ಮಾತೂ ಅದೇ. ಯಾವ ಕಲ್ಲಿನ ಮುಂದೆ ನಗಿಸಬೇಕು, ಯಾವ ಕಂಬದ ಮುಂದೆ ದನಿ ತಗ್ಗಿಸಬೇಕು, ಎಲ್ಲ ಬಾಯಿಪಾಠ. ಅರಸರ ಹೆಸರುಗಳನ್ನು ನೀರು ಕುಡಿದ ಹಾಗೆ ಹೇಳುತ್ತಿದ್ದ. ಯಾವ ಅರಸನಿಗೆ ಎಷ್ಟು ಆನೆ, ಪಟ್ಟದಾನೆಗೆ ಏನು ಹೆಸರು, ಅದೂ ಅವನಿಗೆ ಗೊತ್ತಿತ್ತು.

ಅವನ ನಡಿಗೆಯೇ ಒಂದು ಬಗೆ. ಜನರ ಕಡೆ ಮುಖ ಮಾಡಿ ಹಿಮ್ಮುಖವಾಗಿ ನಡೆಯುತ್ತಿದ್ದ. ಹಾಗೆ ನಡೆದರೆ ಮಾತು ಎಲ್ಲರಿಗೂ ಕೇಳುತ್ತದೆ, ಯಾರು ಹಿಂದೆ ಉಳಿದರು ಎನ್ನುವುದೂ ಕಾಣುತ್ತದೆ. ಮೆಟ್ಟಿಲು ಎಲ್ಲಿ, ತಗ್ಗು ಎಲ್ಲಿ ಎನ್ನುವುದು ಅವನ ಹಿಮ್ಮಡಿಗೆ ಗೊತ್ತಿತ್ತು. ನಿಂತ ಕಡೆಯಲ್ಲೆಲ್ಲ ತಲೆ ಎಣಿಸುತ್ತಿದ್ದ. ಹಳದಿ ಪೇಟ ಒಂದು, ಛತ್ರಿ ಎರಡು, ಮಗು ಎತ್ತಿಕೊಂಡವಳು ಮೂರು. ತಲೆ ಸರಿಬಂದರೆ ಮುಂದಕ್ಕೆ. ಹೀಗೆ ದಿನವಿಡೀ ಜನರನ್ನೇ ನೋಡುತ್ತ ನಡೆಯುವವನು ಅವನು. ಆ ಸೀಮೆಯಲ್ಲಿ ಅವನಷ್ಟು ಜನರನ್ನು ನೋಡಿದವರು ಬೇರೆ ಯಾರೂ ಇಲ್ಲ ಎಂದು ನೀನು ಅಂದುಕೊಳ್ಳುತ್ತೀಯ. ಅವನೂ ಹಾಗೇ ಅಂದುಕೊಂಡಿದ್ದ.

ಇಳಿಹೊತ್ತಿಗೆ ಹೊಳೆಯ ದಂಡೆಯಲ್ಲಿ ಮಾತು ಮುಗಿಸಿ, ಏನಾದರೂ ಕೇಳುವುದಿದೆಯೇ ಎನ್ನುವನು. ಜನ ಕೇಳುತ್ತಿದ್ದರು. ರಾಣಿಯರು ಎಷ್ಟು ಮಂದಿ, ನಿಧಿ ಏನಾದರೂ ಸಿಕ್ಕಿದೆಯೇ, ಊಟಕ್ಕೆ ಎಲ್ಲಿಗೆ ಹೋಗಬೇಕು. ನಿನ್ನ ಊಟವಾಯಿತೇ ಎಂದು ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಒಂದು ಸಲ ಅವನು ನಾಲ್ಕು ದಿನ ಹಾಸಿಗೆ ಹಿಡಿದಿದ್ದ. ಐದನೆಯ ದಿನ ತೂರಾಡಿಕೊಂಡು ಬಾಗಿಲಿಗೆ ಬಂದರೆ ಅಲ್ಲಿ ಬೇರೊಬ್ಬ ನಿಂತು ತಲೆ ಎಣಿಸುತ್ತಿದ್ದ. ಇವನಿಗೆ ಏನಾಗಿತ್ತೆಂದು ಎಳನೀರು ಮಾರುವವನೂ ವಿಚಾರಿಸಲಿಲ್ಲ.

ಮದುವೆಯಾಗಿರಲಿಲ್ಲ. ಹಿಂದೆ ಮುಂದೆ ಯಾರೂ ಇರಲಿಲ್ಲ. ಹೊಳೆಯಿಂದ ತನ್ನ ಕೋಣೆಗೆ ಬಂದು ಒಲೆ ಹಚ್ಚುವನು. ದಿನವಿಡೀ ಆಡಿದ ಬಾಯಿಗೆ ಅಲ್ಲಿ ಕೆಲಸವಿಲ್ಲ. ಗಂಜಿ ಕುದಿಯುವುದನ್ನು ನೋಡುತ್ತ ಕೂತಾಗ, ತಾನು ಸತ್ತರೆ ಒಬ್ಬರ ಬಾಯಲ್ಲೂ ತನ್ನ ಸುದ್ದಿ ಬರುವುದಿಲ್ಲ ಎಂದುಕೊಳ್ಳುವನು. ಸತ್ತ ಅರಸರ ಹೆಸರು ಹೇಳುವುದಕ್ಕೆ ನಾನಾದರೂ ಇದ್ದೇನೆ, ನನ್ನ ಹೆಸರು ಹೇಳುವುದಕ್ಕೆ ಯಾರಿದ್ದಾರೆ? ಇದನ್ನು ಹೇಳಿಕೊಳ್ಳುವುದು ಯಾರ ಮುಂದೆ? ಉಂಡು ಮಲಗುತ್ತಿದ್ದ.

ಒಂದು ಬೆಳಿಗ್ಗೆ ಬಾಗಿಲಲ್ಲಿ ಹನ್ನೊಂದು ಜನ ಸೇರಿದ್ದರು. ಅವರಲ್ಲಿ ಒಬ್ಬ ಹೆಂಗಸು. ನಲವತ್ತರ ಹತ್ತಿರದವಳು, ಜೊತೆಗೆ ಯಾರೂ ಇರಲಿಲ್ಲ. ಅವಳು ಅವನ ಹತ್ತಿರ ಬಂದು, “ನಾನು ಹಿಂದೆ ಒಮ್ಮೆ ಬಂದಿದ್ದೆ. ಹದಿನೆಂಟು ವರ್ಷವಾಯಿತು. ನಿಮಗೆ ನೆನಪಿದೆಯೋ ಇಲ್ಲವೋ,” ಎಂದಳು.

“ನಿಮ್ಮನ್ನು ಮರೆಯುವುದುಂಟೇ ತಾಯಿ? ಬನ್ನಿ, ಬನ್ನಿ,” ಎಂದ.

ಎರಡನೆಯ ಸಲ ಬಂದವರಿಗೆಲ್ಲ ಅವನು ಹೇಳುತ್ತಿದ್ದ ಮಾತು ಅದು. ಆ ಕಸುಬಿನವರು ಹೇಳುವ ಮಾತೇ ಅದು. ಕೇಳಿದವರು ಹಿಗ್ಗುತ್ತಾರೆ, ಹೇಳಿದವನ ಗಂಟೇನೂ ಹೋಗುವುದಿಲ್ಲ. ಆ ಮಾತು ಬಾಯಿಂದ ಬೀಳುವ ಹೊತ್ತಿಗೆ ಅವನು ಬೇರೆ ಕಡೆ ತಿರುಗಿ ಎಣಿಸತೊಡಗಿದ್ದ. ಬಿಳಿ ಸೆರಗು ಹನ್ನೊಂದು ಎಂದು ಅವಳ ಗುರುತು ಹಾಕಿಕೊಂಡ. ಬೆನ್ನ ಹಿಂದೆ ಅವಳು ಕಣ್ಣೊರೆಸಿಕೊಂಡದ್ದು ಅವನಿಗೆ ತಿಳಿಯಲಿಲ್ಲ.

ಆನೆ ಲಾಯದಲ್ಲಿ ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಕೊಳದ ಹತ್ತಿರ ಎಲ್ಲರೂ ಬಗ್ಗಿ ನೋಡಿದರು, ಅವಳು ಬಗ್ಗಲಿಲ್ಲ. ಅವನನ್ನೇ ನೋಡುತ್ತ ಬರುತ್ತಿದ್ದಳು. ಏನೋ ಕೇಳಬೇಕೆಂದು ಹೊತ್ತು ಕಾಯುವವರ ಹಾಗಿತ್ತು ಅವಳ ನೋಟ. ಅವನಿಗೆ ಸ್ವಲ್ಪ ಕಿರಿಕಿರಿಯಾಯಿತು. ಕೇಳುವುದಿದ್ದರೆ ಎಲ್ಲರ ಹಾಗೆ ಕೊನೆಯಲ್ಲಿ ಕೇಳಲಿ ಎಂದುಕೊಂಡ.

ಪೇಟೆ ಬೀದಿ ಬಂತು. ಎರಡೂ ಕಡೆ ಚಾವಣಿ ಬಿದ್ದ ಕಲ್ಲಿನ ಅಂಗಡಿಗಳ ಸಾಲು. ಉಳಿದವರು ನೆರಳು ಹುಡುಕಿಕೊಂಡು ಕೂತು ಬುತ್ತಿ ಬಿಚ್ಚಿದರು. ಅವಳು ಅವನನ್ನು ಒಂದು ಕಟ್ಟೆಯ ಹತ್ತಿರ ಕರೆದಳು.

“ಆವತ್ತು ನಮ್ಮ ಯಜಮಾನರು ಇಲ್ಲಿ ಕೂತಿದ್ದರು. ನಮಗೆ ಮದುವೆಯಾಗಿ ಎರಡು ತಿಂಗಳಾಗಿತ್ತು. ನಾನು ಉಳಿದವರ ಜೊತೆ ಮುಂದೆ ಹೋಗಿಬಿಟ್ಟಿದ್ದೆ. ಅವರನ್ನು ಕರೆಯಲು ನೀವು ಹಿಂದಕ್ಕೆ ಬಂದಿರಿ. ಅವರು ನನ್ನ ಕಡೆ ಕೈ ತೋರಿಸಿ ನಿಮಗೇನೋ ಹೇಳಿದರು. ಇಬ್ಬರೂ ನಕ್ಕಿರಿ. ಏನು ಹೇಳಿದಿರಿ ಎಂದು ನಾನು ಎಷ್ಟು ಸಲ ಕೇಳಿದರೂ ಅವರು ಬಾಯಿ ಬಿಡಲಿಲ್ಲ. ನೀನು ಮುದುಕಿಯಾಗು, ಆಮೇಲೆ ಹೇಳುತ್ತೇನೆ ಎನ್ನುವರು. ನಮ್ಮಿಬ್ಬರಿಗೂ ಅದೊಂದು ಆಟವಾಗಿತ್ತು.” ಅವಳು ಆ ಕಟ್ಟೆಯನ್ನೊಮ್ಮೆ ಸವರಿದಳು. “ಹೋದ ವರ್ಷ ತೀರಿಕೊಂಡರು. ಮೂರೇ ದಿನದ ಜ್ವರ. ಆ ಮಾತು ಈಗ ನಿಮ್ಮೊಬ್ಬರ ಹತ್ತಿರ ಇದೆ. ನೀವು ಇದ್ದೀರೋ ಇಲ್ಲವೋ, ಇದ್ದರೂ ನಿಮಗೆ ನೆನಪಿದೆಯೋ ಇಲ್ಲವೋ ಎಂದು ದಾರಿಯುದ್ದಕ್ಕೂ ಹೆದರಿಕೊಂಡೇ ಬಂದೆ. ಮರೆತಿಲ್ಲ ಎಂದು ನೀವು ಅಂದಾಗ ನನಗೆ ಹೋದ ಜೀವ ಬಂದ ಹಾಗಾಯಿತು. ಹೇಳಿ, ಅವರು ಏನೆಂದರು?”

ಅವನು ಆ ದಿನವನ್ನು ಮನಸ್ಸಿನಲ್ಲಿ ಹುಡುಕಿದ. ಅರಸರ ಹೆಸರು ಬಂದವು. ಆನೆಗಳ ಹೆಸರು ಬಂದವು. ಈ ಕಟ್ಟೆಯ ಮೇಲೆ ಕೂತು ಯಾವ ವ್ಯಾಪಾರಿ ಏನು ಮಾರುತ್ತಿದ್ದ ಎನ್ನುವುದೂ ಬಂತು. ಹದಿನೆಂಟು ವರ್ಷದ ಹಿಂದೆ ಇಲ್ಲಿ ಕೂತು ನಕ್ಕ ಗಂಡಸು ಮಾತ್ರ ಬರಲಿಲ್ಲ.

ಸುಳ್ಳು ಹೇಳುವುದು ಅವನಿಗೆ ಕಷ್ಟವಾಗಿರಲಿಲ್ಲ. ರಾಣಿಯರ ಬಾಯಲ್ಲಿ ಅವನೇ ಎಷ್ಟು ಮಾತು ಆಡಿಸಿರಲಿಲ್ಲ! ಹೊಸದಾಗಿ ಮದುವೆಯಾದ ಗಂಡನ ಬಾಯಲ್ಲಿ ಒಂದು ಮಾತು ಆಡಿಸುವುದು ಯಾವ ಮಹಾ ಕೆಲಸ? ಅವಳು ಅದನ್ನು ಕಟ್ಟಿಕೊಂಡು ನೆಮ್ಮದಿಯಾಗಿ ಊರಿಗೆ ಹೋಗುತ್ತಾಳೆ. ಮಾತು ಆಗಲೇ ನಾಲಿಗೆಯ ತುದಿಗೆ ಬಂದಿತ್ತು. “ಅವರು ಹೇಳಿದ್ದು...” ಎಂದು ಶುರು ಮಾಡಿಯೂ ಬಿಟ್ಟ.

ಅವಳು ಕಣ್ಣು ಮುಚ್ಚಿಕೊಂಡಳು. ಒಂದಕ್ಷರವೂ ತಪ್ಪಿಹೋಗಬಾರದೆಂದು ಉಸಿರು ಬಿಗಿಹಿಡಿದು ನಿಂತಳು. ಆಗ ಅವನು ಅವಳ ಮುಖ ನೋಡಿದ. ಗಲ್ಲದ ಮೇಲೆ ಹಚ್ಚೆಯ ಸಣ್ಣ ಚುಕ್ಕೆಯೊಂದಿತ್ತು. ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು. ಬೆಳಿಗ್ಗೆಯಿಂದ ಎಷ್ಟೋ ಸಲ ಅವಳನ್ನು ಎಣಿಸಿದ್ದ, ಈ ಮುಖವನ್ನು ಕಂಡಿರಲಿಲ್ಲ. ಕಂಡ ಮೇಲೆ ಸುಳ್ಳು ಬಾಯಿಂದ ಹೊರಡಲಿಲ್ಲ.

“ತಾಯಿ, ನನಗೆ ನೆನಪಿಲ್ಲ,” ಎಂದ. “ಅವರೂ ನೆನಪಿಲ್ಲ, ನೀವೂ ನೆನಪಿಲ್ಲ. ಬಾಗಿಲಲ್ಲಿ ಹೇಳಿದ್ದು ಸುಳ್ಳು. ಎರಡನೆಯ ಸಲ ಬಂದವರಿಗೆಲ್ಲ ಹಾಗೇ ಹೇಳುತ್ತೇನೆ.”

ಅವಳು ಕಣ್ಣು ತೆರೆದಳು. ಬೈಯಬಹುದಿತ್ತು. ಬೈದಿದ್ದರೆ ಅವನಿಗೂ ಸ್ವಲ್ಪ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಆ ಕಟ್ಟೆಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗಂಡ ಇನ್ನೊಂದು ಸಲ ಸತ್ತ ಹಾಗಾಗಿತ್ತು ಅವಳಿಗೆ. ಅವನು ಎದುರಿಗೆ ನಿಂತಿದ್ದ.

ಎಷ್ಟೋ ಹೊತ್ತಿನ ಮೇಲೆ ಅವಳೇ ಮುಖ ಒರೆಸಿಕೊಂಡಳು. ಅವನ ಕಾಲಿನ ಕಡೆ ನೋಡಿದಳು.

“ನಿಮ್ಮ ಬೆರಳು ವಾಸಿಯಾಯಿತೇ?”

ಅವನಿಗೆ ಏನೂ ಅರ್ಥವಾಗಲಿಲ್ಲ.

“ಆವತ್ತು ನಿಮ್ಮ ಬಲಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಬಟ್ಟೆಯ ತುಂಬ ರಕ್ತ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊಳೆಯವರೆಗೂ ನಡೆದಿರಿ. ನಮ್ಮ ಯಜಮಾನರು ಊರು ಸೇರುವವರೆಗೂ ಅದನ್ನೇ ಹೇಳಿದರು. ಇಷ್ಟು ಜನರಲ್ಲಿ ಒಬ್ಬರಾದರೂ ಅವನನ್ನು ಸ್ವಲ್ಪ ಕೂರಿಸಬೇಕಿತ್ತು, ನಾನೇ ಕೂರಿಸಬೇಕಿತ್ತು ಎಂದು ಪೇಚಾಡಿದರು. ಆಮೇಲೂ ಅಷ್ಟೇ. ಮನೆಯಲ್ಲಿ ಯಾರಾದರೂ ಎಡವಿದರೆ ಸಾಕು, ಆ ಗೈಡಪ್ಪನ ಬೆರಳು ಏನಾಯಿತೋ ಎನ್ನುವರು. ನಿಮ್ಮನ್ನು ಕಾಣದಿದ್ದರೂ ನಮ್ಮ ಮಕ್ಕಳಿಗೆ ನೀವು ಗೊತ್ತು.”

ಅವನು ಬಗ್ಗಿ ತನ್ನ ಕಾಲು ನೋಡಿಕೊಂಡ. ಹೆಬ್ಬೆರಳಿನ ಉಗುರು ಸೊಟ್ಟಗೆ ಬೆಳೆದಿತ್ತು. ಏಕೆ ಸೊಟ್ಟಗಾಯಿತು ಎನ್ನುವುದನ್ನು ಅವನೂ ಮರೆತುಬಿಟ್ಟಿದ್ದ.

“ವಾಸಿಯಾಯಿತು ತಾಯಿ,” ಎಂದ.

ತನ್ನನ್ನು ಕೇಳುವವರಿಲ್ಲ ಎಂದು ಗಂಜಿಯ ಮುಂದೆ ಕೂತು ಅವನು ಮರುಗಿದ ಹದಿನೆಂಟು ವರ್ಷ, ಎಲ್ಲೋ ಒಂದು ಮನೆಯಲ್ಲಿ ಅವನ ಸುದ್ದಿ ಬರುತ್ತಲೇ ಇತ್ತು. ಸುದ್ದಿ ಎತ್ತುತ್ತಿದ್ದವನು ಈಗ ಇರಲಿಲ್ಲ. ಅವನು ಕಪ್ಪಗಿದ್ದನೋ ಬೆಳ್ಳಗಿದ್ದನೋ, ಅದೂ ಇವನಿಗೆ ತಿಳಿಯದು. ತನಗೊಬ್ಬ ಗೆಳೆಯನಿದ್ದ, ಅವನು ಸತ್ತುಹೋದ, ಎರಡೂ ಇವನಿಗೆ ಒಂದೇ ದಿನ ತಿಳಿಯಿತು.

ಉಳಿದವರು ಬುತ್ತಿ ಕಟ್ಟಿ ಎದ್ದು ಕರೆದರು. ಅವತ್ತು ಹೊಳೆಯವರೆಗೂ ಅವನು ಅವಳ ಪಕ್ಕದಲ್ಲೇ ನಡೆದ. ನಿಮ್ಮವರು ಹೇಗಿದ್ದರು ಹೇಳಿ ಎಂದು ಕೇಳಿದ. ಎತ್ತರದ ಆಳು ಎಂದಳು. ಜೋರಾಗಿ ನಕ್ಕರೆ ಕೆಮ್ಮು ಬರುತ್ತಿತ್ತು ಎಂದಳು. ಉಪ್ಪಿನಕಾಯಿ ಇಲ್ಲದೆ ತುತ್ತು ಎತ್ತುತ್ತಿರಲಿಲ್ಲ ಎಂದಳು. ಇವನೇನು ಗೈಡು, ಒಂದು ಕಲ್ಲಿನ ಬಗ್ಗೆಯೂ ಹೇಳುತ್ತಿಲ್ಲವಲ್ಲ ಎಂದು ಹಿಂದಿನವರು ಗೊಣಗಿದರು. ಅವನು ಕೇಳುತ್ತ ನಡೆದ. ಕೆಮ್ಮುತ್ತ ನಗುವ ಒಂದು ಮುಖ ಎಲ್ಲಿಂದಾದರೂ ಎದ್ದು ಬಂದೀತೇ ಎಂದು ಕಾದ. ಬರಲಿಲ್ಲ. ಹೊಳೆಯ ದಂಡೆಯಲ್ಲಿ ಅವಳು ಕೈಮುಗಿದು ಹೋದಳು. ಅವಳು ಹೋದ ದಾರಿಯ ಕಡೆ ಅವನು ಎಷ್ಟೋ ಹೊತ್ತು ನಿಂತಿದ್ದ. ಮೂರನೆಯ ಸಲ ಅವಳು ಬರಲಿಲ್ಲ.

ಇಷ್ಟು ಹೇಳಿ ಗುರುಗಳು ಕಥೆ ಮುಗಿಸಿದರು. ಶಂಭಯ್ಯನಿಗೆ ತಡೆಯಲಾಗಲಿಲ್ಲ.

“ಆ ಗಂಡ ಏನು ಹೇಳಿದ್ದ, ಗುರುಗಳೇ?”

“ನನ್ನನ್ನು ಕೇಳುತ್ತೀಯಲ್ಲ ಮಾರಾಯ. ಎದುರಿಗೆ ನಿಂತವನಿಗೇ ಅದು ಉಳಿಯಲಿಲ್ಲ,” ಎಂದರು ಗುರುಗಳು.

ಶಂಭಯ್ಯ ತಲೆ ತಗ್ಗಿಸಿ ಕೂತ. ಸೇವೆ ಬಿಡಿಸಿ ಎನ್ನುವ ಮಾತು ಇನ್ನೂ ಅವನ ಬಾಯಲ್ಲೇ ಇತ್ತು. ಗುರುಗಳು ಅದಕ್ಕೆ ಕಾಯಲಿಲ್ಲ.

“ಅದಿರಲಿ, ಇವತ್ತು ಬೆಳಿಗ್ಗೆ ನೀನು ಗದ್ದುಗೆ ತೋರಿಸಿ ಕಳಿಸಿದೆಯಲ್ಲ, ಅವರಲ್ಲಿ ಒಬ್ಬರ ಮುಖ ಹೇಗಿತ್ತು, ಹೇಳು.”