ಚೀಲದೊಳಗಿನ ಬೀಗದ ಕೈ

"ಮೇಷ್ಟ್ರೇ, ಕತ್ತಲೆಕೋಣೆ ಸಿದ್ಧವಾಯಿತು. ಇನ್‌ಫ್ರಾರೆಡ್ ಫಿಲ್ಮಿನ ಡಬ್ಬಿ ತೆರೆಯಬಹುದೇ?" ಎಂದು ಹಾಲೇಶ ಕೇಳಿದ.

ಮರುಳಪ್ಪ ಮೇಷ್ಟ್ರು ಫೋಟೋ ತೆಗೆಯುವ ವಿದ್ಯೆ ಕಲಿಸುವವರು. ಹಾಲೇಶ ಅವರ ಶಿಷ್ಯ. ಮಾಮೂಲಿ ಫಿಲ್ಮಿನಲ್ಲಿ ಕೈ ಪಳಗಿದ ಮೇಲೆ ಅವನಿಗೆ ಇನ್‌ಫ್ರಾರೆಡ್‌ನ ಹುಚ್ಚು ಹಿಡಿದಿತ್ತು. ಕೆಂಪಿನ ಆಚೆಗೆ ಮನುಷ್ಯನ ಕಣ್ಣಿಗೆ ಕಾಣದ ಬೆಳಕೊಂದಿದೆ. ಅದನ್ನು ಹಿಡಿಯುವ ಫಿಲ್ಮ್ ಇದು. ಇದರಲ್ಲಿ ಹಸಿರೆಲೆ ಬೆಳ್ಳಗೆ ಮೂಡುತ್ತದೆ, ನೀಲಿ ಆಕಾಶ ಕಪ್ಪಾಗುತ್ತದೆ.

"ಕೋಣೆ ಕತ್ತಲಾಗಿದೆ ಎಂದು ನಿನಗೆ ಹೇಗೆ ಗೊತ್ತು?"

"ಬಾಗಿಲು ಹಾಕಿಕೊಂಡು ಒಳಗೆ ನಿಂತೆ, ಮೇಷ್ಟ್ರೇ. ಮುಖದ ಮುಂದೆ ಹಿಡಿದ ನನ್ನ ಕೈ ನನಗೇ ಕಾಣಲಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಡಬ್ಬಿಯನ್ನು ಹಾಗೇ ಹಿಡಿದುಕೊಂಡು ಕೂತುಕೋ. ಒಬ್ಬ ವರ್ತಕನ ವಿಷಯ ಹೇಳುತ್ತೇನೆ" ಎಂದರು. ಅವರು ಹೇಳಿದ್ದು ಇಷ್ಟು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಕ್ಯಾಮೆರಾ, ಫಿಲ್ಮ್, ಕತ್ತಲೆಕೋಣೆಯ ಸಾಮಾನು ಅವನ ಸರಕು. ಅಂಗಡಿ ಚಿಕ್ಕದು, ಮಾತು ಗಟ್ಟಿ. ಅವನು ಒಳ್ಳೆಯದು ಎಂದ ಸಾಮಾನನ್ನು ಗಿರಾಕಿ ತಿರುಗಿಸಿ ನೋಡುತ್ತಿರಲಿಲ್ಲ. ಕಪಾಟಿನಲ್ಲಿರುವುದು ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ತನ್ನಲ್ಲಿ ಮಾರಾಟವಾಗುವುದು ತನ್ನ ಮಾತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಅದನ್ನು ಅಳೆದು ತೂಗಿಯೇ ಆಡುತ್ತಿದ್ದ.

ಒಂದು ವಿಷಯದಲ್ಲಿ ಮಾತ್ರ ಅವನು ಸ್ವಲ್ಪ ನಾಟಕದವನು. ಬಯಲಿನಲ್ಲಿ ಫಿಲ್ಮ್ ಬದಲಿಸಲು ಕಪ್ಪು ಬಟ್ಟೆಯ ಚೀಲವೊಂದು ಬರುತ್ತದೆ. ಕ್ಯಾಮೆರಾವನ್ನು ಅದರೊಳಗಿಟ್ಟು ಜಿಪ್ ಎಳೆದು, ಅದಕ್ಕಿರುವ ಎರಡು ತೋಳುಗಳಲ್ಲಿ ಕೈ ತೂರಿಸಿ, ಕಾಣದೆಯೇ ಕೆಲಸ ಮುಗಿಸಬೇಕು. ಯಾರಾದರೂ ಆ ಚೀಲ ಕೇಳಿದರೆ ವರ್ತಕ ಉರಿಬಿಸಿಲಿನಲ್ಲಿ ಹೊಸ್ತಿಲಿಗೆ ಬಂದು, ಚೀಲವನ್ನು ಕುತ್ತಿಗೆಯ ತನಕ ತಲೆಗೆ ಹಾಕಿಕೊಳ್ಳುತ್ತಿದ್ದ.

"ಅಮಾವಾಸ್ಯೆ ಸ್ವಾಮೀ, ಅಮಾವಾಸ್ಯೆ! ನನ್ನ ಮೂಗು ಎಲ್ಲಿದೆ, ಯಾರಾದರೂ ಹುಡುಕಿ ಕೊಡಿ!"

ಬೀದಿಯವರು ನಗುತ್ತಿದ್ದರು. ಆಮೇಲೆ ಅದನ್ನು ಗಿರಾಕಿಯ ತಲೆಗೂ ಹಾಕುತ್ತಿದ್ದ. ಅವನೂ ನಗುತ್ತಿದ್ದ. ಚೀಲ ಮಾರಾಟವಾಗುತ್ತಿತ್ತು.

ಒಂದು ದಿನ ಆ ಅಂಗಡಿಗೆ ಒಬ್ಬ ನರ್ಸಮ್ಮ ಬಂದಳು. ಎಲ್ಲೋ ಪ್ರದರ್ಶನವೊಂದರಲ್ಲಿ ಇನ್‌ಫ್ರಾರೆಡ್ ಚಿತ್ರ ನೋಡಿ ಬೆರಗಾಗಿದ್ದಳು. ಕೆರೆ ಏರಿಯ ಮೇಲಿನ ಹೊಂಗೆಮರಗಳನ್ನು ಹಾಗೆ ಹಿಡಿಯಬೇಕೆಂದು ಅವಳ ಆಸೆ. ಹೊಂಗೆ ಆಗ ಚಿಗುರಿತ್ತು. ಆ ಎಳೆಯ ಎಲೆ ಬೇಗ ಬಲಿತು ಧೂಳು ಕುಡಿದು ಮಂಕಾಗುತ್ತದೆ. ಆಮೇಲೆ ಮುಂದಿನ ಚೈತ್ರವೇ.

"ಯಜಮಾನರೇ, ನನಗೆ ಎಲ್ಲವೂ ಬೇಕು. ಏನೇನು ಅಂತ ಮಾತ್ರ ಗೊತ್ತಿಲ್ಲ" ಎಂದಳು.

ಇಂಥ ಗಿರಾಕಿ ಬಂದಾಗ ಅಂಗಡಿಯವನ ನಿಜವಾದ ಯೋಗ್ಯತೆ ಹೊರಬೀಳುತ್ತದೆ. ಇವನು ಅವಸರ ಮಾಡಲಿಲ್ಲ.

"ಎಲ್ಲವನ್ನೂ ಕಟ್ಟಿಕೊಡುವುದು ನನಗೇನೂ ಕಷ್ಟವಲ್ಲ, ತಾಯಿ. ಅರ್ಧ ನಿಮ್ಮ ಅಟ್ಟ ಸೇರುತ್ತದೆ, ನೀವು ಈ ಬೀದಿಗೇ ಬರುವುದಿಲ್ಲ. ನನಗೆ ಮತ್ತೆ ಮತ್ತೆ ಬರುವ ಗಿರಾಕಿ ಬೇಕು."

ಹಳೆಯದಾದರೂ ಗಟ್ಟಿಯಾದ ಕ್ಯಾಮೆರಾ ಒಂದನ್ನು ಆರಿಸಿದ. ಅದರ ಲೆನ್ಸಿನ ಮೇಲೆ ಸಣ್ಣ ಕೆಂಪು ಗುರುತಿತ್ತು. ಕಣ್ಣಿಗೆ ಕಾಣದ ಆ ಬೆಳಕು ಲೆನ್ಸಿನ ಹಿಂದೆ ಕೂಡುವ ಜಾಗ ಬೇರೆ, ಆದ್ದರಿಂದ ಫೋಕಸ್ ಮಾಡಿದ ಮೇಲೆ ಆ ಗುರುತಿನ ತನಕ ಉಂಗುರ ಸರಿಸಬೇಕು ಎಂದು ತೋರಿಸಿದ. ಕೆಂಪೆನ್ನುವುದಕ್ಕಿಂತ ಕಪ್ಪೇ ಎನ್ನಬಹುದಾದ ಫಿಲ್ಟರ್ ಕೊಟ್ಟ. ಅದನ್ನು ಹಾಕಿದ ಮೇಲೆ ಏನೂ ಕಾಣುವುದಿಲ್ಲ, ಮರವನ್ನು ಮೊದಲೇ ಚೌಕಟ್ಟಿನಲ್ಲಿ ಕೂರಿಸಿಕೊಂಡಿರಬೇಕು, ಅದಕ್ಕೇ ಮೂರು ಕಾಲಿನ ಸ್ಟ್ಯಾಂಡ್ ಬೇಕೇ ಬೇಕು ಎಂದ. ಫಿಲ್ಮ್ ತೊಳೆಯಲು ಸ್ಟೀಲಿನ ಡಬ್ಬಿ, ದ್ರಾವಣಕ್ಕೆ ತಟ್ಟೆಗಳು. ಚಿತ್ರ ದೊಡ್ಡದು ಮಾಡುವ ಯಂತ್ರವನ್ನು ಅವಳೇ ಬೆರಳು ಮಾಡಿ ಕೇಳಿದರೂ ಕೊಡಲಿಲ್ಲ. ಫಿಲ್ಮನ್ನು ಫೋಟೋ ಕಾಗದದ ಮೇಲಿಟ್ಟು ಗಾಜಿನಿಂದ ಒತ್ತಿ ಬೆಳಕು ಬಿಟ್ಟರೆ ಅದರಷ್ಟೇ ಗಾತ್ರದ ಚಿತ್ರ ಸಿಗುತ್ತದೆ, ಸದ್ಯಕ್ಕೆ ಅಷ್ಟು ಸಾಕು ಎಂದ. ಅವಳು ಕತ್ತಲೆಕೋಣೆಯಲ್ಲಿ ಹಚ್ಚುವ ಕೆಂಪು ದೀಪ ಕೈಗೆತ್ತಿಕೊಂಡಳು.

"ಅದು ಕಾಗದಕ್ಕೆ ಸರಿ. ಈ ಫಿಲ್ಮಿನ ಹತ್ತಿರ ಹಚ್ಚಲೇಬೇಡಿ. ಇದಕ್ಕೆ ಕೆಂಪು ದೀಪವೂ ಮಟಮಟ ಮಧ್ಯಾಹ್ನವೇ" ಎಂದ.

ಇಷ್ಟು ತಿಳಿದವನು ಚೀಲದ ಸರದಿ ಬಂದಾಗ ಏನು ಮಾಡಿದ? ಹೊಸ್ತಿಲಿಗೆ ಹೋಗಿ ತಲೆಗೆ ಹಾಕಿಕೊಂಡ. ಮೂಗು ಹುಡುಕಿಸಿದ. ಆಮೇಲೆ ಅವಳ ತಲೆಗೆ ಹಾಕಿದ.

"ಹೌದಲ್ಲ, ಏನೂ ಕಾಣುವುದಿಲ್ಲ!" ಎಂದು ಅವಳೂ ನಕ್ಕಳು.

"ನನ್ನ ಚೀಲದೊಳಗೆ ಹಗಲು ಕಾಲಿಡುವುದಿಲ್ಲ ತಾಯಿ. ಇದು ನನ್ನ ಮಾತು."

ಫ್ರಿಜ್ಜಿನಲ್ಲಿ ಆ ಫಿಲ್ಮಿನ ಎರಡೇ ಸುರುಳಿ ಉಳಿದಿದ್ದವು. ಮುಂದಿನ ಸರಕು ಮಳೆಗಾಲ ಕಳೆದ ಮೇಲೆ. ಅವಳು ಒಂದನ್ನು ಕೊಂಡಳು, ಇನ್ನೊಂದನ್ನು ಎತ್ತಿಡಲು ಹೇಳಿದಳು.

ಕೆಲವು ದಿನ ಕಳೆದು ಅವಳು ಕ್ಯಾಮೆರಾ, ಚೀಲ, ತೊಳೆದ ಫಿಲ್ಮ್ ಎಲ್ಲವನ್ನೂ ಹಿಡಿದುಕೊಂಡು ಬಂದಳು. ಫಿಲ್ಮ್ ಉದ್ದಕ್ಕೂ ಹೊಗೆ ಹಿಡಿದಂತೆ ಕಪ್ಪು. ಮರವೂ ಇಲ್ಲ, ಕೆರೆಯೂ ಇಲ್ಲ. ವರ್ತಕ ಅದನ್ನು ಬೆಳಕಿಗೆ ಹಿಡಿದು ನೋಡಿದ. ಕ್ಯಾಮೆರಾ ಬಿಚ್ಚಿ ನೋಡಿದ, ಅದು ಸರಿಯಿತ್ತು. ಸ್ಟೀಲಿನ ಡಬ್ಬಿಯಲ್ಲಿ ಬೆಳಕು ನುಗ್ಗುವ ಮಾತೇ ಇಲ್ಲ.

"ಕೆರೆ ಏರಿಯ ಮೇಲೆ ಚೀಲದಲ್ಲೇ ಫಿಲ್ಮ್ ಹಾಕಿದಿರಾ? ಜಿಪ್ ಪೂರ್ತಿ ಎಳೆದಿದ್ದಿರಾ?"

"ಎಳೆದಿದ್ದೆ, ಯಜಮಾನರೇ."

"ಹಾಗಾದರೆ ಫಿಲ್ಮೇ ಹಳತಿರಬೇಕು."

"ಚೀಲ?"

ವರ್ತಕನ ಮುಖ ಬಿಗಿಯಿತು. "ಚೀಲದ ಮಾತು ಎತ್ತಬೇಡಿ. ಅದನ್ನು ನನ್ನ ತಲೆಗೂ ಹಾಕಿದ್ದೇನೆ, ನಿಮ್ಮ ತಲೆಗೂ ಹಾಕಿದ್ದೇನೆ."

ನರ್ಸಮ್ಮ ಜಗಳ ತೆಗೆಯಲಿಲ್ಲ. ಸ್ವಲ್ಪ ಹೊತ್ತು ಚೀಲದ ಬಟ್ಟೆಯನ್ನು ಬೆರಳಿನಲ್ಲಿ ಉಜ್ಜುತ್ತ ನಿಂತಳು.

"ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವಾಗ ಅಂಗಿ ಅಡ್ಡ ಬರುವುದಿಲ್ಲ, ಯಜಮಾನರೇ. ಅಂಗಿ ಅಡ್ಡವಾಗುವುದು ನಮ್ಮ ಕಣ್ಣಿಗೆ. ಉಡಿದಾರದಲ್ಲಿ ಬೀಗದ ಕೈ ಇದ್ದರೆ ಅದು ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಈ ಫಿಲ್ಮೂ ನಮ್ಮ ಕಣ್ಣಿಗೆ ಕಾಣದ್ದನ್ನು ಕಾಣುವುದಕ್ಕೇ ತಾನೇ ಇರುವುದು? ನಾವಿಬ್ಬರೂ ಚೀಲದೊಳಗೆ ತಲೆ ಹಾಕಿ ನೋಡಿದೆವು. ಫಿಲ್ಮ್ ಹಾಕಿ ನೋಡಲಿಲ್ಲ."

ವರ್ತಕ ಚೀಲವನ್ನು ಅವಳ ಕೈಯಿಂದ ತೆಗೆದುಕೊಂಡು ತಿರುಗಿಸಿ ನೋಡಿದ.

"ಎತ್ತಿಟ್ಟ ಸುರುಳಿ ತೆಗೆಯಿರಿ. ತುದಿಯಿಂದ ಒಂದು ಚೂರು ಕತ್ತರಿಸೋಣ" ಎಂದಳು.

"ಅದು ಕೊನೆಯದು, ತಾಯಿ."

"ಅದಕ್ಕೇ ಹೇಳಿದ್ದು. ಚೂರು ಹೋದರೆ ಹೋಗಲಿ."

ಅವಳ ಈ ಮಾತಿಗೆ ವರ್ತಕ ಮನಸ್ಸಿನಲ್ಲೇ ಕೈ ಮುಗಿದ. ಸೋತವರು ಸಾಮಾನ್ಯವಾಗಿ ಬೈಯುತ್ತಾರೆ, ಇಲ್ಲವೇ ಅಳುತ್ತಾರೆ. ಕೈಯಲ್ಲಿ ಉಳಿದದ್ದನ್ನು ತಾವೇ ಕತ್ತರಿಸಿ ಪರೀಕ್ಷೆಗಿಡುವವರನ್ನು ಅವನು ಹೆಚ್ಚು ಕಂಡಿರಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಒಂದು ಕಾಲೇಜಿನ ಗುಮಾಸ್ತ ಒಳಗೆ ಬಂದ. ಅಲ್ಲಿ ಫೋಟೋ ತರಗತಿ ಶುರುವಾಗಿತ್ತು. ಕಪ್ಪು ಚೀಲ ಬೇಕಿತ್ತು, ಒಂದೆರಡಲ್ಲ, ಕಟ್ಟುಗಟ್ಟಲೆ. ಅಂಗಡಿಯಲ್ಲಿದ್ದ ಚೀಲಗಳೆಲ್ಲ ಅಂದೇ ಖಾಲಿಯಾಗುವ ವ್ಯಾಪಾರ.

ಇಲ್ಲಿ ಆ ವರ್ತಕನನ್ನು ಸ್ವಲ್ಪ ನಿಂತು ನೋಡು, ಹಾಲೇಶ. ಅವನೇನೂ ಸನ್ಯಾಸಿಯಲ್ಲ. ಲೆಕ್ಕ ಅವನ ತಲೆಯೊಳಗೂ ಓಡಿತು. ಪರೀಕ್ಷೆ ನಾಳೆ ಮಾಡಬಹುದು. ಇವತ್ತು ಚೀಲ ಕಟ್ಟಿಕೊಟ್ಟರೆ ಸುಳ್ಳು ಹೇಳಿದಂತಾಗುವುದಿಲ್ಲ, ಯಾಕೆಂದರೆ ಅದು ಕೆಟ್ಟದ್ದೆಂದು ಇವತ್ತಿಗೆ ಗೊತ್ತೇ ಇಲ್ಲವಲ್ಲ. ನರ್ಸಮ್ಮನೂ ಅವನ ಮುಖ ನೋಡಿ ಬೆಂಚಿನ ತುದಿಗೆ ಸರಿದು ಕುಳಿತಳು, ಅವನು ನಾಳೆ ಬನ್ನಿ ಎಂದರೆ ಎದ್ದು ಹೋಗಲು ಸಿದ್ಧಳಾಗಿ.

ವರ್ತಕ ಗುಮಾಸ್ತನಿಗೂ ಬೆಂಚು ತೋರಿಸಿದ. "ಕೂತುಕೊಳ್ಳಿ ಸ್ವಾಮಿ. ಸ್ವಲ್ಪ ತಡವಾಗುತ್ತದೆ" ಎಂದ. ಉಡಿದಾರದಿಂದ ಗಲ್ಲಾಪೆಟ್ಟಿಗೆಯ ಪುಟ್ಟ ಬೀಗದ ಕೈ ಬಿಚ್ಚಿಕೊಂಡ. ಚೀಲ ಮತ್ತು ಫಿಲ್ಮ್ ಹಿಡಿದು, ಅಂಗಡಿಯ ಹಿಂದಿದ್ದ ಕತ್ತಲೆಕೋಣೆ ಹೊಕ್ಕು ಬಾಗಿಲು ಹಾಕಿಕೊಂಡ. ಕೆಂಪು ದೀಪ ಹಚ್ಚಲಿಲ್ಲ. ಕೈಯಿಂದಲೇ ಸವರಿ ಎರಡು ಚೂರು ಕತ್ತರಿಸಿದ. ಒಂದರ ಮೇಲೆ ಬೀಗದ ಕೈಯನ್ನು ಅಂಟಿಸಿ ಚೀಲದೊಳಗಿಟ್ಟು ಜಿಪ್ ಎಳೆದ. ಇನ್ನೊಂದನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿ ಅಲ್ಲೇ ಬಿಟ್ಟ. ತಪ್ಪು ಫಿಲ್ಮಿನದೋ ಕೋಣೆಯದೋ ಆಗಿದ್ದರೆ ಆ ಚೂರೂ ಕಪ್ಪಾಗಬೇಕು.

ಚೀಲವನ್ನು ನೆರಳಿನಲ್ಲಿ ಇಟ್ಟಿದ್ದರೂ ಪರೀಕ್ಷೆಯೇ ಆಗುತ್ತಿತ್ತು. ಅವನು ಅದನ್ನು ಹೊಸ್ತಿಲಿನ ಕಲ್ಲಿನ ಮೇಲೆ, ಬಿಸಿಲು ನೆಟ್ಟಗೆ ಬೀಳುವ ಕಡೆ ಹರವಿ ಇಟ್ಟ. ಸುಕ್ಕು ಕೂಡ ಬಿಡಿಸಿದ.

"ಏನ್ರೀ ಇದು, ಚೀಲವನ್ನು ಹಪ್ಪಳದ ಹಾಗೆ ಒಣಗಿಸುತ್ತಿದ್ದೀರಿ!" ಎಂದ ಗುಮಾಸ್ತ.

"ಒಣಗಿಸುತ್ತಿರುವುದು ನನ್ನ ಮಾತನ್ನು, ಸ್ವಾಮಿ. ಎಲ್ಲಾದರೂ ಹಸಿ ಉಳಿದಿದೆಯೋ ನೋಡೋಣ."

ಆಮೇಲೆ ಚೀಲವನ್ನು ಒಳಗೆ ಒಯ್ದು ಎರಡೂ ಚೂರುಗಳನ್ನು ಕತ್ತಲಲ್ಲೇ ತೊಳೆದ. ಹೊರಗೆ ತಂದು ಮೇಜಿನ ಮೇಲಿಟ್ಟ. ಡಬ್ಬಿಯಲ್ಲಿದ್ದ ಚೂರು ನೀರಿನಷ್ಟು ತಿಳಿಯಾಗಿತ್ತು. ಚೀಲದಲ್ಲಿದ್ದದ್ದು ಕಪ್ಪು. ಆ ಕಪ್ಪಿನ ನಡುವೆ ಹಲ್ಲು ಹಲ್ಲಾಗಿ, ಉಂಗುರ ಸಮೇತ, ಗಲ್ಲಾಪೆಟ್ಟಿಗೆಯ ಬೀಗದ ಕೈ ತಿಳಿಯಾಗಿ ಮೂಡಿತ್ತು. ಮನುಷ್ಯನ ಕಣ್ಣಿಗೆ ಅಮಾವಾಸ್ಯೆಯಾಗಿದ್ದ ಬಟ್ಟೆ ಆ ಫಿಲ್ಮಿಗೆ ಸೊಳ್ಳೆಪರದೆಯಂತಿತ್ತು.

ವರ್ತಕ ಆ ಚೂರನ್ನು ಎತ್ತಿ ಬೆಳಕಿಗೆ ಹಿಡಿದ. ಆಮೇಲೆ ಗುಮಾಸ್ತನ ಕಡೆ ತಿರುಗಿದ.

"ಮಾಮೂಲಿ ಫಿಲ್ಮಿಗೆ ಈ ಚೀಲದಿಂದ ತೊಂದರೆಯಾದ ದೂರು ಈವರೆಗೆ ಬಂದಿಲ್ಲ. ಈ ಫಿಲ್ಮಿಗೆ ಮಾತ್ರ ಇದು ಚೀಲವೇ ಅಲ್ಲ. ನೋಡಿ ಸ್ವಾಮಿ, ಹೇಳಿದ್ದೇನೆ. ಬೇಕಾದರೆ ಕಟ್ಟಿಕೊಡುತ್ತೇನೆ."

ಗುಮಾಸ್ತ ಚೂರನ್ನೂ ಚೀಲದ ಕಟ್ಟನ್ನೂ ನೋಡಿದ. ವಿಚಾರಿಸಿ ಬರುತ್ತೇನೆ ಎಂದು ಹೋದ. ಮತ್ತೆ ಬರಲಿಲ್ಲ. ಅದೇ ಬಟ್ಟೆಯ ಚೀಲವನ್ನು ಬೇರೆ ಅಂಗಡಿಯಲ್ಲಿ ಕೊಂಡನೆಂದು ಆಮೇಲೆ ತಿಳಿಯಿತು. ಆ ಅಂಗಡಿಯವನು ಚೀಲವನ್ನು ಬಿಸಿಲಿಗೆ ಹಾಕಿರಲಿಲ್ಲ, ಆದ್ದರಿಂದ ಅದು ಒಳ್ಳೆಯ ಚೀಲವೇ ಆಗಿತ್ತು.

ನರ್ಸಮ್ಮನ ಕೈಯಲ್ಲಿ ಕೊನೆಯ ಸುರುಳಿ ಉಳಿದಿತ್ತು. ವರ್ತಕ ತನ್ನ ಕತ್ತಲೆಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟ. ಅವಳು ಅಲ್ಲೇ ಕ್ಯಾಮೆರಾಕ್ಕೆ ಫಿಲ್ಮ್ ತುಂಬಿಕೊಂಡು ಕೆರೆಗೆ ಹೋದಳು. ದಾರಿಯಲ್ಲೆಲ್ಲೂ ಕ್ಯಾಮೆರಾ ತೆರೆಯಲಿಲ್ಲ. ವಾಪಸು ಬಂದು ಅದೇ ಕೋಣೆಯಲ್ಲಿ ಫಿಲ್ಮ್ ತೆಗೆದು ತೊಳೆದು, ಕಾಗದದ ಮೇಲೆ ಚಿತ್ರ ಮೂಡಿಸಿದಳು. ಹೊಂಗೆಯ ಚಿಗುರು ಬಿರಿದ ಹತ್ತಿಯಂತೆ ಬೆಳ್ಳಗೆ ಬಂದಿತ್ತು. ನೀರು ಕಾಡಿಗೆಯಂತಿತ್ತು. ಹತ್ತಾರು ವರ್ಷ ಆ ಏರಿಯ ಮೇಲೆ ಓಡಾಡಿದ ವರ್ತಕ ಅಲ್ಲಿ ಅಂಥ ಮರಗಳಿವೆಯೆಂದು ಮೊದಲ ಸಲ ಕಂಡ.

ಅವಳು ಒಂದು ಚಿತ್ರವನ್ನು ಅವನಿಗೇ ಕೊಟ್ಟಳು. ಮುಂದಿನ ಸಲ ಬಂದಾಗ ಅಂಗಡಿಯ ಗೋಡೆಯ ಮೇಲೆ ಅದು ಕಾಣಲಿಲ್ಲ. ಗಾಜಿನ ಚೌಕಟ್ಟಿನಲ್ಲಿ, ಬರುವವರೆಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ, ಬೀಗದ ಕೈ ಮೂಡಿದ್ದ ಕಪ್ಪು ಚೂರು ನೇತಾಡುತ್ತಿತ್ತು.

"ನನ್ನ ಮರಗಳು ಅಷ್ಟು ಕೆಟ್ಟದಾಗಿದ್ದವೇ, ಯಜಮಾನರೇ?"

"ಅವು ಮನೆಯಲ್ಲಿವೆ ತಾಯಿ, ದಿನಾ ನೋಡುತ್ತೇನೆ. ಇದು ಅಂಗಡಿಗೆ."

ಅಂದಿನಿಂದ ಅವನು ಚೀಲವನ್ನು ತಲೆಗೆ ಹಾಕಿಕೊಳ್ಳಲಿಲ್ಲ. ಬೀದಿಯವರಿಗೆ ಒಂದು ತಮಾಷೆ ತಪ್ಪಿತು. ಯಾವ ಗಿರಾಕಿಯಾದರೂ ಒಳಗೆ ಕತ್ತಲೆಯೇ ಎಂದು ಕೇಳಿದರೆ, "ನನ್ನ ಕಣ್ಣಿಗಂತೂ ಕತ್ತಲೆ. ನಿಮ್ಮ ಫಿಲ್ಮನ್ನು ನೀವೇ ಕೇಳಿ ನೋಡಿ" ಎಂದು ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಡುತ್ತಿದ್ದ. ಹಾಗೆ ಹೇಳಿದ್ದರಿಂದ ಕೆಲವು ವ್ಯಾಪಾರ ತಪ್ಪಿತು. ಆದರೆ ಅವನು ಆಡಿದ ಮಾತನ್ನು ಆಮೇಲೆ ಯಾರೂ ವಾಪಸು ತಂದು ಅವನ ಮೇಜಿನ ಮೇಲಿಡಲಿಲ್ಲ.

ಮೇಷ್ಟ್ರು ಇಷ್ಟು ಹೇಳಿ ಕನ್ನಡಕ ಹಾಕಿಕೊಂಡರು.

"ದೊಡ್ಡ ಮನುಷ್ಯ" ಎಂದ ಹಾಲೇಶ. ಡಬ್ಬಿಯ ಮುಚ್ಚಳದ ಮೇಲೆ ಬೆರಳಿಟ್ಟು, "ಆದರೆ ನನ್ನದು ಬಟ್ಟೆಯ ಚೀಲವಲ್ಲವಲ್ಲ, ಮೇಷ್ಟ್ರೇ. ಇಟ್ಟಿಗೆ ಗೋಡೆ, ಮರದ ಬಾಗಿಲು, ಕಿಟಕಿಗೆ ಮಾತ್ರ ಎರಡು ಪದರ ಕಪ್ಪು ಪರದೆ. ನಾನೇ ಒಳಗೆ ನಿಂತು ನೋಡಿದ್ದೇನೆ" ಎಂದ.

"ನಿನ್ನ ಕೈ ನಿನಗೆ ಕಾಣಲಿಲ್ಲ ಎಂದೆಯಲ್ಲ ಹಾಲೇಶ, ಅದರಿಂದ ನಿನಗೆ ತಿಳಿದದ್ದು ಕೋಣೆಯ ವಿಷಯವೋ, ನಿನ್ನ ಕಣ್ಣಿನ ವಿಷಯವೋ?"

ಹಾಲೇಶ ಡಬ್ಬಿಯ ಮುಚ್ಚಳದ ಮೇಲಿಂದ ಬೆರಳು ತೆಗೆದ. ಜೇಬಿನಲ್ಲಿ ಬೀಗದ ಕೈ ತಡಕಿದ.